ಸಾವಿರದ ಐನೂರರಿಂದ ಐದು ಲಕ್ಷದವರೆಗೆ: ಬ್ಯಾಂಕಿನಲ್ಲಿ ದುಡ್ಡು ಇಟ್ಟವರ ಕಥೆ

ಚುನಾವಣೆ ಬಂದಾಗಲೆಲ್ಲ ನಾನು ಪಕ್ಷಗಳ ಪ್ರಣಾಳಿಕೆ ಓದುತ್ತೇನೆ. ಕೆಲಸವಿಲ್ಲದವರ ಕೆಲಸ ಅಂತ ನನ್ನ ಹೆಂಡತಿ ಹೇಳುತ್ತಾಳೆ. ಆದರೆ ಬಿಕಾಂ ಓದಿ, ಮುಂಬೈಗೆ ಬಂದು, ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ಬ್ಯಾಂಕಿನಲ್ಲಿ ಸವೆದವನಿಗೆ ಪ್ರಣಾಳಿಕೆಯೂ ಒಂದು ಬ್ಯಾಲೆನ್ಸ್ ಶೀಟಿನ ಹಾಗೆಯೇ ಕಾಣುತ್ತದೆ. ಕೊಡುತ್ತೇವೆ ಅಂತ ಬರೆದದ್ದು ಎಷ್ಟು, ಅದು ಬರುವುದು ಎಲ್ಲಿಂದ ಅಂತ ನೋಡುವ ಚಟ. ಸಾಲ ಮನ್ನಾ ಇರುತ್ತದೆ, ಬಡ್ಡಿ ಇಲ್ಲದ ಸಾಲ ಇರುತ್ತದೆ, ಹೊಸ ಸಾಲ ಇರುತ್ತದೆ. ಬ್ಯಾಂಕಿನಲ್ಲಿ ದುಡ್ಡು ಇಟ್ಟವನ ಬಗ್ಗೆ ಒಂದು ವಾಕ್ಯ ಸಿಗುವುದು ಮಾತ್ರ ಬಹಳ ಅಪರೂಪ.

ನಮ್ಮ ಶಾಖೆಗೆ ಬರುತ್ತಿದ್ದ ಹಿರಿಯರೊಬ್ಬರು, ಮಾಟುಂಗದ ಹೋಟೆಲಿನ ಗಲ್ಲಾದಲ್ಲಿ ಕೂತು ಆಯುಷ್ಯ ಕಳೆದವರು, ಒಮ್ಮೆ ನನ್ನ ಮೇಜಿನ ಮುಂದೆ ಕೂತು ಕೇಳಿದ್ದರು: "ಅಲ್ಲ ಮಾರಾಯ್ರೆ, ಸಾಲ ತಗೊಂಡು ಕಟ್ಟದವನಿಗೆ ಮನ್ನಾ ಉಂಟು. ಹೊಟ್ಟೆ ಬಟ್ಟೆ ಕಟ್ಟಿ ದುಡ್ಡು ಇಟ್ಟವನಿಗೆ ಎಂತ ಉಂಟು?"

ಸಾಲ ಮನ್ನಾ ಕೂಡದು ಅಂತ ನಾನು ಹೇಳುವವನಲ್ಲ. ಮಳೆ ಕೈಕೊಟ್ಟ ರೈತನ ಪಾಡು ಏನು ಅಂತ ಗ್ರಾಮೀಣ ಶಾಖೆಯಲ್ಲಿ ಕೆಲಸ ಮಾಡಿದವರಿಗೆಲ್ಲ ಗೊತ್ತು. ಆದರೆ ಹಿರಿಯರ ಪ್ರಶ್ನೆ ನ್ಯಾಯವಾದದ್ದೇ. 1980ರ ದಶಕದಲ್ಲಿ ನಮ್ಮ ಜಿಲ್ಲೆಯವರೇ ಆದ ಜನಾರ್ದನ ಪೂಜಾರಿಯವರು ಕೇಂದ್ರದಲ್ಲಿ ಮಂತ್ರಿಯಾಗಿದ್ದಾಗ ಸಾಲ ಮೇಳಗಳು ನಡೆದವು. 1990ರಲ್ಲಿ ವಿ.ಪಿ. ಸಿಂಗ್ ಸರ್ಕಾರ ಹತ್ತು ಸಾವಿರ ರೂಪಾಯಿವರೆಗಿನ ಕೃಷಿ ಸಾಲ ಮನ್ನಾ ಮಾಡಿತು. 2008ರಲ್ಲಿ ಮತ್ತೊಂದು ದೊಡ್ಡ ಮನ್ನಾ. ಸಾಲಗಾರ ಸರ್ಕಾರದ ಕಣ್ಣಿಗೆ ಬೀಳುತ್ತಾನೆ. ಅವನಿಗೆ ಸಂಘಟನೆ ಇದೆ, ಪಟ್ಟಿಯಲ್ಲಿ ಹೆಸರಿದೆ. ಠೇವಣಿದಾರನಿಗೆ ತಾನು ಠೇವಣಿದಾರ ಅನ್ನುವ ನೆನಪೇ ಇರುವುದಿಲ್ಲ, ಬ್ಯಾಂಕಿನ ಶಟರ್ ಕೆಳಗೆ ಬೀಳುವ ತನಕ.

ಹಾಗಂತ ಇಟ್ಟವನಿಗೆ ಏನೂ ಇಲ್ಲ ಅಂತಲ್ಲ. ಒಂದು ಉಂಟು. ಠೇವಣಿ ವಿಮೆ. ಬ್ಯಾಂಕು ಮುಳುಗಿದರೆ, ಒಬ್ಬ ಠೇವಣಿದಾರನಿಗೆ ಒಂದು ಬ್ಯಾಂಕಿನಲ್ಲಿ ಇರುವ ಎಲ್ಲ ಖಾತೆಗಳ ಅಸಲು ಬಡ್ಡಿ ಸೇರಿ ಐದು ಲಕ್ಷ ರೂಪಾಯಿವರೆಗೆ ಸಿಗುತ್ತದೆ. ಕೊಡುವುದು ರಿಸರ್ವ್ ಬ್ಯಾಂಕಿನ ಅಂಗಸಂಸ್ಥೆಯಾದ ಡಿಐಸಿಜಿಸಿ. ಇದರ ಪ್ರೀಮಿಯಂ ಕಟ್ಟುವುದು ಬ್ಯಾಂಕು, ಗ್ರಾಹಕ ಅಲ್ಲ. ಈ ಐದು ಲಕ್ಷ ಯಾರೋ ಒಬ್ಬ ಮಂತ್ರಿಯ ಮನಸ್ಸಿಗೆ ಒಂದು ದಿನ ಬೆಳಿಗ್ಗೆ ಹೊಳೆದು ಬಂದದ್ದಲ್ಲ. ಅದರ ದೊಡ್ಡ ದೊಡ್ಡ ಮೆಟ್ಟಿಲುಗಳೆಲ್ಲ ಯಾವುದಾದರೂ ಬ್ಯಾಂಕು ಮುಳುಗಿದ ಮೇಲೆಯೇ ಕಟ್ಟಿದ್ದು. ಮುಳುಗುವ ಮೊದಲು ಕಟ್ಟಿದ್ದು ನನಗೆ ಒಂದೂ ಕಾಣುವುದಿಲ್ಲ. ಆ ಕಥೆ ಸ್ವಲ್ಪ ಉದ್ದ, ಚಹಾ ಇಟ್ಟುಕೊಂಡು ಓದಿ.

1906ನೇ ಇಸವಿಯಿಂದ ಶುರು ಮಾಡೋಣ. ಬ್ಯಾಂಕಿನವರಿಗೆ, ಅದರಲ್ಲೂ ನಮ್ಮ ಕರಾವಳಿಯ ಬ್ಯಾಂಕಿನವರಿಗೆ ಅದು ವಿಚಿತ್ರ ವರ್ಷ. ಮಾರ್ಚ್ ತಿಂಗಳಲ್ಲಿ ಉಡುಪಿಯಲ್ಲಿ ಹಾಜಿ ಅಬ್ದುಲ್ಲಾ ಸಾಹೇಬರು ಮುಂದೆ ಕಾರ್ಪೊರೇಷನ್ ಬ್ಯಾಂಕ್ ಆದ ಸಂಸ್ಥೆ ಶುರು ಮಾಡಿದರು. ಜುಲೈಯಲ್ಲಿ ಮಂಗಳೂರಿನಲ್ಲಿ ಅಮ್ಮೆಂಬಳ ಸುಬ್ಬರಾವ್ ಪೈಗಳು ಕೆನರಾ ಬ್ಯಾಂಕಿನ ಮೂಲ ಸಂಸ್ಥೆಯಾದ ಶಾಶ್ವತ ನಿಧಿ ಆರಂಭಿಸಿದರು. ಡಿಸೆಂಬರಿನಲ್ಲಿ ಇತ್ತ ಮುಂಬೈಯಲ್ಲಿ, ಕೆನರಾ ಸೀಮೆಯಿಂದ ವಲಸೆ ಬಂದ ಚಿತ್ರಾಪುರ ಸಾರಸ್ವತರಿಗಾಗಿ ಶ್ರೀಪಾದ ಸುಬ್ರಾವ್ ತಲ್ಮಕಿಯವರು ತಮ್ಮ ಗುರುಗಳಾದ ಶಾಮರಾವ್ ವಿಠ್ಠಲ ಕೈಕಿಣಿಯವರ ಹೆಸರಿನಲ್ಲಿ ಸಹಕಾರಿ ಸಂಘ ಕಟ್ಟಿದರು. ಇವತ್ತಿನ ಎಸ್‌ವಿಸಿ ಬ್ಯಾಂಕು ಅದೇ. ಊರು ಬಿಟ್ಟು ಬಂದವನು ತನ್ನವರ ಹತ್ತಿರ ದುಡ್ಡು ಇಡುವ ಪದ್ಧತಿ ಅಷ್ಟು ಹಳೆಯದು.

ಅದೇ ವರ್ಷ ಅಕ್ಟೋಬರಿನಲ್ಲಿ, ಮದರಾಸಿನಲ್ಲಿ ಆರ್ಬತ್ನಾಟ್ ಕಂಪನಿ ಮುಳುಗಿತು. ದೊಡ್ಡ ಬ್ರಿಟಿಷ್ ಸಂಸ್ಥೆ, ಒಳ್ಳೆಯ ಬಡ್ಡಿ, ಸರ್ ಪದವಿಯ ಮಾಲೀಕ. ಪಿಂಚಣಿಯವರು, ಗುಮಾಸ್ತರು, ವಿಧವೆಯರು ಇಟ್ಟ ಹಣ ಹೋಯಿತು. ಸರ್ ಜಾರ್ಜ್ ಆರ್ಬತ್ನಾಟ್‌ಗೆ ಜೈಲೂ ಆಯಿತು. ಆದರೆ ಮಾಲೀಕ ಜೈಲಿಗೆ ಹೋದರೆ ಠೇವಣಿ ವಾಪಸು ಬರುವುದಿಲ್ಲ ಅನ್ನುವುದನ್ನು ನಾವು ಅಂದಿನಿಂದ ಇಂದಿನವರೆಗೆ ಮತ್ತೆ ಮತ್ತೆ ಕಲಿಯುತ್ತಿದ್ದೇವೆ. 1913ರಲ್ಲಿ ಮುಂಬೈಯ ಇಂಡಿಯನ್ ಸ್ಪೀಸಿ ಬ್ಯಾಂಕ್, 1938ರಲ್ಲಿ ಟ್ರಾವಂಕೂರ್ ನ್ಯಾಷನಲ್ ಅಂಡ್ ಕ್ವಿಲಾನ್ ಬ್ಯಾಂಕ್. ಪಟ್ಟಿ ಬೆಳೆಸಿದರೆ ಬೆಳೆಯುತ್ತದೆ.

ಇಷ್ಟೆಲ್ಲ ಆಗುತ್ತಿದ್ದರೂ ಜನ ದುಡ್ಡು ಇಡುತ್ತಲೇ ಇದ್ದರು. 1928ರಲ್ಲಿ ಉಡುಪಿಯ ಸಿಂಡಿಕೇಟಿನವರು ಪಿಗ್ಮಿ ಶುರು ಮಾಡಿದಾಗ ದಿನಕ್ಕೆ ಎರಡಾಣೆ ಇದ್ದರೂ ಸಾಕಿತ್ತು. ಏಜೆಂಟ್ ಮನೆ ಬಾಗಿಲಿಗೇ ಬರುತ್ತಿದ್ದ. ನನ್ನ ಅಜ್ಜ ಮಾತ್ರ ಇದಕ್ಕೆಲ್ಲ ಬಗ್ಗಿದವರಲ್ಲ. ಅವರ ಉಳಿತಾಯ ಎಂದರೆ ಉಪ್ಪರಿಗೆಯಲ್ಲಿ ಇಟ್ಟ ಅಕ್ಕಿಮುಡಿ, ಅಜ್ಜಿಯ ಕುತ್ತಿಗೆಯಲ್ಲಿದ್ದ ನಾಲ್ಕು ಪವನು. "ಬೇರೆಯವರ ಪೆಟ್ಟಿಗೆಯಲ್ಲಿ ಇಟ್ಟದ್ದು ನಮ್ಮದು ಹೇಗೆ ಆಗುತ್ತದೆ?" ಅಂತ ಕೇಳುತ್ತಿದ್ದರಂತೆ. ಮೊಮ್ಮಗ ಅದೇ ಪೆಟ್ಟಿಗೆ ಕಾಯುವ ಕೆಲಸಕ್ಕೆ ಸೇರಿದ, ಇರಲಿ.

ಠೇವಣಿಗೆ ವಿಮೆ ಮಾಡಬೇಕು ಅನ್ನುವ ಮಾತು ನಮ್ಮಲ್ಲಿ ಮೊದಲು ಬಂದದ್ದು 1948ರಲ್ಲಿ, ಬಂಗಾಳದಲ್ಲಿ ಬ್ಯಾಂಕುಗಳು ಸಾಲಾಗಿ ಬಿದ್ದ ಮೇಲೆ. ಅಮೆರಿಕ ಅದನ್ನು 1933ರ ಕಾನೂನಿನಲ್ಲಿಯೇ ತಂದಿತ್ತು. ಅಲ್ಲಿ ಸಾವಿರಾರು ಬ್ಯಾಂಕುಗಳು ಮುಳುಗಿ ಜನ ಬೀದಿಗೆ ಬಂದಿದ್ದರು, 1934ರ ಜನವರಿಯಿಂದ 2,500 ಡಾಲರ್‌ವರೆಗೆ ರಕ್ಷಣೆ ಸಿಕ್ಕಿತು. ನಮ್ಮಲ್ಲಿ ಆಗಿನ ಉತ್ತರ: ಮೊದಲು ರಿಸರ್ವ್ ಬ್ಯಾಂಕು ಎಲ್ಲ ಬ್ಯಾಂಕುಗಳನ್ನೂ ಸರಿಯಾಗಿ ತಪಾಸಣೆ ಮಾಡುವ ವ್ಯವಸ್ಥೆ ಆಗಲಿ, ಆಮೇಲೆ ನೋಡೋಣ. 1950ರಲ್ಲಿ ಗ್ರಾಮೀಣ ಬ್ಯಾಂಕಿಂಗ್ ವಿಚಾರಣಾ ಸಮಿತಿಯೂ ವಿಮೆ ಬೇಕು ಅಂದಿತು. ಆಮೇಲೆ ನೋಡೋಣ ಅನ್ನುವುದು ಮುಂದುವರಿಯಿತು. ಕಡತ ಹತ್ತು ವರ್ಷ ಮಲಗಿತು.

ಎಬ್ಬಿಸಿದ್ದು ಪಾಲಾಯಿ ಸೆಂಟ್ರಲ್ ಬ್ಯಾಂಕು. ಕೇರಳದ ಕೋಟ್ಟಯಂ ಹತ್ತಿರದ ಪಾಲಾಯಿ ಎಂಬ ಊರಿನಲ್ಲಿ 1927ರಲ್ಲಿ ಹುಟ್ಟಿ, ಕೇರಳದ ಅತಿ ದೊಡ್ಡ ಬ್ಯಾಂಕಾಗಿ ಬೆಳೆದದ್ದು. ರಬ್ಬರ್, ಮೆಣಸು ಬೆಳೆಯುವವರು, ಮೇಷ್ಟರುಗಳು, ಸಣ್ಣ ವ್ಯಾಪಾರಿಗಳು ಹಣ ಇಟ್ಟಿದ್ದರು. 1960ರ ಆಗಸ್ಟ್ 8ರಂದು ರಿಸರ್ವ್ ಬ್ಯಾಂಕು ಕೇರಳ ಹೈಕೋರ್ಟಿಗೆ ಹೋಗಿ ಅದನ್ನು ಮುಚ್ಚಿಸುವ ಆದೇಶ ತಂದಿತು. ಎಚ್.ವಿ.ಆರ್. ಅಯ್ಯಂಗಾರ್ ಆಗ ಗವರ್ನರ್, ಮೊರಾರ್ಜಿ ದೇಸಾಯಿ ಹಣಕಾಸು ಮಂತ್ರಿ. ಸಂಸತ್ತಿನಲ್ಲಿ ದೊಡ್ಡ ಗಲಾಟೆಯಾಯಿತು. ಇಷ್ಟು ವರ್ಷ ತಪಾಸಣೆ ಮಾಡಿ, ಕಾಯಿಲೆ ಗೊತ್ತಿದ್ದೂ ಸುಮ್ಮನಿದ್ದು, ಈಗ ಒಂದೇ ದಿನದಲ್ಲಿ ಬಾಗಿಲು ಹಾಕಿದಿರಲ್ಲ ಅನ್ನುವುದು ಜನರ ಸಿಟ್ಟು. ಇತ್ತ ಮಹಾರಾಷ್ಟ್ರದ ಲಕ್ಷ್ಮಿ ಬ್ಯಾಂಕೂ ಅದೇ ವರ್ಷ ಬಿತ್ತು. ಒಂದು ಬ್ಯಾಂಕು ಬಿದ್ದರೆ ಪಕ್ಕದ ಗಟ್ಟಿ ಬ್ಯಾಂಕಿನ ಮುಂದೆಯೂ ಸಾಲು ನಿಲ್ಲುತ್ತದೆ. ದಕ್ಷಿಣದ ಎಷ್ಟೋ ಬ್ಯಾಂಕುಗಳಿಗೆ ಆ ವರ್ಷ ನಡುಕ.

ಹದಿಮೂರು ವರ್ಷ ಆಗದ್ದು ಹದಿನಾರು ತಿಂಗಳಲ್ಲಿ ಆಯಿತು. 1961ರ ಆಗಸ್ಟ್ 21ರಂದು ಮಸೂದೆ ಸಂಸತ್ತಿಗೆ ಬಂತು, ಡಿಸೆಂಬರ್ 7ಕ್ಕೆ ರಾಷ್ಟ್ರಪತಿಗಳ ಅಂಕಿತ, 1962ರ ಜನವರಿ 1ರಿಂದ ಡಿಪಾಸಿಟ್ ಇನ್ಶೂರೆನ್ಸ್ ಕಾರ್ಪೊರೇಷನ್ ಕೆಲಸ ಶುರು. ಮೂರನೆಯ ಮಹಾಚುನಾವಣೆ ಫೆಬ್ರವರಿಯಲ್ಲಿ. ಎರಡಕ್ಕೂ ಸಂಬಂಧ ಕಟ್ಟಲು ನನ್ನ ಹತ್ತಿರ ದಾಖಲೆ ಇಲ್ಲ, ತಾರೀಖುಗಳನ್ನು ಮಾತ್ರ ಪಕ್ಕಪಕ್ಕ ಇಟ್ಟಿದ್ದೇನೆ. ಒಬ್ಬನಿಗೆ 1,500 ರೂಪಾಯಿವರೆಗೆ ರಕ್ಷಣೆ. ಈಗ ಕೇಳಿದರೆ ನಗು ಬರುತ್ತದೆ, ಆದರೆ ಅಂದಿನ ಗುಮಾಸ್ತನಿಗೆ ಅದು ಸುಮಾರು ತಿಂಗಳುಗಳ ಸಂಬಳ. ಪ್ರೀಮಿಯಂ ವರ್ಷಕ್ಕೆ ನೂರು ರೂಪಾಯಿಗೆ ಐದು ಪೈಸೆ.

ಶುರುವಿನಲ್ಲಿ ವಿಮೆಗೆ ನೋಂದಾಯಿಸಿದ ಬ್ಯಾಂಕುಗಳು 287. 1967ರ ಕೊನೆಗೆ ಉಳಿದದ್ದು 100. ಉಳಿದವೆಲ್ಲ ಮುಳುಗಿದವು ಅಂತಲ್ಲ, ಸಣ್ಣವನ್ನು ದೊಡ್ಡವುಗಳ ಜೊತೆ ಸೇರಿಸುವುದು ರಿಸರ್ವ್ ಬ್ಯಾಂಕಿನ ನೀತಿಯೇ ಆಗಿತ್ತು. ಮೂಲ್ಕಿ ಸುಂದರರಾಮ ಶೆಟ್ಟರ ಕಾಲದಲ್ಲಿ ವಿಜಯಾ ಬ್ಯಾಂಕು ಒಂಬತ್ತು ಸಣ್ಣ ಬ್ಯಾಂಕುಗಳನ್ನು ತೆಗೆದುಕೊಂಡಿತು. ಶೃಂಗೇರಿಯ ಶಾರದಾ ಬ್ಯಾಂಕು, ಚಿತ್ರದುರ್ಗದ ಬ್ಯಾಂಕು, ಹುಬ್ಬಳ್ಳಿಯ ಬ್ಯಾಂಕ್ ಆಫ್ ಕರ್ನಾಟಕ ಇವು ಕರ್ನಾಟಕ ಬ್ಯಾಂಕಿನೊಳಗೆ ಹೋದವು. ಅಂದು ನುಂಗಿದವರಲ್ಲಿ ಕೆಲವರನ್ನು ಮುಂದೆ ಇನ್ನೂ ದೊಡ್ಡವರು ನುಂಗಿದರು: 2019ರಲ್ಲಿ ವಿಜಯಾ ಬ್ಯಾಂಕು ಬರೋಡಾಕ್ಕೆ, 2020ರಲ್ಲಿ ಸಿಂಡಿಕೇಟು ಕೆನರಾಕ್ಕೆ, ಕಾರ್ಪೊರೇಷನ್ನು ಯೂನಿಯನ್ನಿಗೆ. ಅದರ ದುಃಖ ಬೇರೆ, ಇನ್ನೊಮ್ಮೆ ಬರೆಯುತ್ತೇನೆ. ಠೇವಣಿದಾರನ ಲೆಕ್ಕದಲ್ಲಿ ನೋಡಿದರೆ ವಿಲೀನ ಎಂದರೆ ಹಣ ಉಳಿದ ಹಾಗೆ.

ವಿಮೆಯ ಮಿತಿ 1968ರಲ್ಲಿ 5,000 ಆಯಿತು. 1970ರಲ್ಲಿ 10,000, 1976ರಲ್ಲಿ 20,000, 1980ರ ಜುಲೈಯಿಂದ 30,000. ಹದಿನೆಂಟು ವರ್ಷದಲ್ಲಿ ಇಪ್ಪತ್ತು ಪಟ್ಟು. ಈ ಕಾಲವೇ ನನಗೆ ಇಡೀ ಕಥೆಯಲ್ಲಿ ಮೆಚ್ಚಿಗೆಯಾಗುವುದು. ಅದರಲ್ಲೂ 1969ರ ರಾಷ್ಟ್ರೀಕರಣದ ನಂತರ ದೊಡ್ಡ ಬ್ಯಾಂಕುಗಳೆಲ್ಲ ಸರ್ಕಾರದ್ದೇ ಆಗಿದ್ದವು, ಮುಳುಗುವ ಭಯ ಕಡಿಮೆ. ಆದರೂ ಯಾರೋ ಒಬ್ಬ ಅಧಿಕಾರಿ ಐದಾರು ವರ್ಷಕ್ಕೊಮ್ಮೆ ಕೂತು ಬೆಲೆ ಏರಿದ್ದನ್ನು ನೋಡಿ ಕಡತ ಮೇಲೆ ಕಳಿಸುತ್ತಿದ್ದ ಹಾಗೆ ಕಾಣುತ್ತದೆ.

ಅದೇ 1968ರಲ್ಲಿ ಇನ್ನೊಂದು ತಿದ್ದುಪಡಿ ಬಂತು, ಸಹಕಾರಿ ಬ್ಯಾಂಕುಗಳನ್ನೂ ವಿಮೆಯೊಳಗೆ ತರುವುದಕ್ಕೆ. ಮುಂಬೈ ಪುಣೆಯ ಓದುಗರಿಗೆ ಇದು ಮುಖ್ಯ. ಇಲ್ಲಿ ನಮ್ಮವರು ಹೋಟೆಲಿನಲ್ಲಿ ದುಡಿದು, ರಾತ್ರಿಶಾಲೆಯಲ್ಲಿ ಓದಿ, ಆಮೇಲೆ ಜಾತಿಗೊಂದು ಊರಿಗೊಂದು ಸಂಘ ಕಟ್ಟಿ, ಸಂಘದಿಂದ ಬ್ಯಾಂಕು ಕಟ್ಟಿದವರು. ಬಿಲ್ಲವರ ಅಸೋಸಿಯೇಶನ್ 1978ರಲ್ಲಿ ಕಟ್ಟಿದ ಭಾರತ್ ಬ್ಯಾಂಕು, ಮೊಗವೀರರ ಮೊಗವೀರ ಬ್ಯಾಂಕು. ದೊಡ್ಡ ಬ್ಯಾಂಕಿನಲ್ಲಿ ಫಾರಂ ತುಂಬಲು ಹೆದರುವವನು ಇಲ್ಲಿ ತುಳುವಿನಲ್ಲಿ, ಕನ್ನಡದಲ್ಲಿ ಕೇಳಿ ಕೆಲಸ ಮುಗಿಸುತ್ತಿದ್ದ. ಒಳ್ಳೆಯದೇ. ಆದರೆ ಸಹಕಾರಿ ಬ್ಯಾಂಕುಗಳಿಗೆ ಒಂದು ತೊಡಕಿತ್ತು. ಒಂದು ಕಡೆ ರಾಜ್ಯದ ಸಹಕಾರ ರಿಜಿಸ್ಟ್ರಾರ್, ಇನ್ನೊಂದು ಕಡೆ ರಿಸರ್ವ್ ಬ್ಯಾಂಕು. ಇಬ್ಬರು ಯಜಮಾನರ ಮನೆಯ ದನ ಉಪವಾಸ ಬಿದ್ದ ಹಾಗೆ, ಇಬ್ಬರೂ ನೋಡುತ್ತಾರೆ ಅಂತ ಯಾರೂ ಸರಿಯಾಗಿ ನೋಡಲಿಲ್ಲ. ಮುಂದೆ ಬಿದ್ದ ಬ್ಯಾಂಕುಗಳಲ್ಲಿ ಹೆಚ್ಚಿನವು ಸಹಕಾರಿಗಳೇ ಆದದ್ದಕ್ಕೆ ಇದೊಂದು ಕಾರಣ.

1978ರಲ್ಲಿ ವಿಮೆಯ ನಿಗಮವೂ ಸಾಲ ಖಾತರಿಯ ನಿಗಮವೂ ಒಂದಾಗಿ ಇವತ್ತಿನ ಉದ್ದ ಹೆಸರು ಬಂತು. ಅದನ್ನು ಬಿಟ್ಟು ಮುಂದೆ ಹೋಗೋಣ.

1992ರಲ್ಲಿ ಷೇರು ಹಗರಣ. ಹರ್ಷದ್ ಮೆಹ್ತಾನ ಹೆಸರು ಎಲ್ಲರಿಗೂ ನೆನಪಿದೆ, ಆ ಹಗರಣದಲ್ಲಿ ಮುಳುಗಿದ ಬ್ಯಾಂಕ್ ಆಫ್ ಕರಾಡ್ ನೆನಪಿಲ್ಲ. ನಾನಾಗ ಹೊಸದಾಗಿ ಸೇರಿದ ಗುಮಾಸ್ತ. ಮರುವರ್ಷ, 1993ರ ಮೇ 1ರಿಂದ, ವಿಮೆಯ ಮಿತಿ 30,000ದಿಂದ ಒಂದು ಲಕ್ಷಕ್ಕೆ ಏರಿತು. ನಮ್ಮ ಶಾಖೆಗೆ ಬಂದ ಸುತ್ತೋಲೆಯನ್ನು ಕಡತಕ್ಕೆ ಸೇರಿಸಿದ್ದು ನಾನೇ. ಯಾವ ಗ್ರಾಹಕರೂ ಅದರ ಬಗ್ಗೆ ಕೇಳಲಿಲ್ಲ, ನಾವೂ ಹೇಳಲಿಲ್ಲ. ಬ್ಯಾಂಕಿನಲ್ಲಿ ವಿಮೆಯ ಮಾತು ಎತ್ತಿದರೆ ಮುಳುಗುವ ಮಾತು ಎತ್ತಿದ ಹಾಗೆ. ಮದುವೆ ಮನೆಯಲ್ಲಿ ಯಾರಾದರೂ ಅಂಥ ಮಾತು ಆಡುತ್ತಾರೆಯೆ?

ಅಲ್ಲಿಂದ ಮುಂದೆ ಇಪ್ಪತ್ತೇಳು ವರ್ಷ ಆ ಒಂದು ಲಕ್ಷ ಅಲುಗಲಿಲ್ಲ. ಊರಿನವರಿಗೆ ಅರ್ಥವಾಗುವ ಲೆಕ್ಕ ಹೇಳುತ್ತೇನೆ. 1993ರಲ್ಲಿ ಹತ್ತು ಗ್ರಾಂ ಚಿನ್ನ ನಾಲ್ಕು ಸಾವಿರ ರೂಪಾಯಿ ಆಸುಪಾಸಿನಲ್ಲಿತ್ತು. ಒಂದು ಲಕ್ಷಕ್ಕೆ ಮೂವತ್ತು ಪವನು ಬರುತ್ತಿತ್ತು. 2020ರ ಆರಂಭದಲ್ಲಿ ಹತ್ತು ಗ್ರಾಂಗೆ ನಲವತ್ತು ಸಾವಿರದ ಆಸುಪಾಸು. ಹಳೆಯ ಒಂದು ಲಕ್ಷಕ್ಕೆ ಮೂರು ಪವನು. ಐದು ಲಕ್ಷ ಮಾಡಿದ ಮೇಲೂ ಹದಿನೈದು. ಚಿನ್ನ ಬೇಡ, ದಿನಬಳಕೆ ವಸ್ತುಗಳ ಬೆಲೆ ಸೂಚ್ಯಂಕ ಹಿಡಿದರೂ ಆ ಅವಧಿಯಲ್ಲಿ ಸುಮಾರು ಆರು ಪಟ್ಟು ಏರಿದೆ. ಅಂದರೆ ಐದು ಲಕ್ಷಕ್ಕೆ ಏರಿಸಿದ ದಿನವೂ ಠೇವಣಿದಾರನಿಗೆ 1993ರಲ್ಲಿ ಇದ್ದಷ್ಟು ರಕ್ಷಣೆ ವಾಪಸು ಬರಲಿಲ್ಲ.

ಯಾರೂ ಹೇಳಿರಲಿಲ್ಲ ಅಂತಲ್ಲ. 2011ರಲ್ಲಿ ದಾಮೋದರನ್ ಸಮಿತಿ ಐದು ಲಕ್ಷ ಮಾಡಿ ಅಂತ ಸ್ಪಷ್ಟವಾಗಿ ಬರೆದುಕೊಟ್ಟಿತ್ತು. ಅದಕ್ಕೂ ಮೊದಲು 1999ರಲ್ಲಿ ಜಗದೀಶ್ ಕಪೂರ್ ಸಮಿತಿ, ಹುಷಾರಾಗಿ ನಡೆಯುವ ಬ್ಯಾಂಕಿಗೂ ಬೇಕಾಬಿಟ್ಟಿ ನಡೆಯುವ ಬ್ಯಾಂಕಿಗೂ ಒಂದೇ ಪ್ರೀಮಿಯಂ ಸರಿಯಲ್ಲ, ಅಪಾಯ ನೋಡಿ ದರ ಹಾಕಿ ಅಂದಿತ್ತು. ಎರಡು ವರ್ಷದಲ್ಲಿ, 2001ರಲ್ಲಿ, ಅಹಮದಾಬಾದಿನ ಮಾಧವಪುರ ಮರ್ಕಂಟೈಲ್ ಸಹಕಾರಿ ಬ್ಯಾಂಕು ಕೇತನ್ ಪಾರೇಖನ ಷೇರು ಆಟಕ್ಕೆ ಸಿಕ್ಕಿ ನೆಲಕಚ್ಚಿತು. ಆದರೂ ಅಪಾಯಕ್ಕೆ ತಕ್ಕ ಪ್ರೀಮಿಯಂ ಅಂತ ರಿಸರ್ವ್ ಬ್ಯಾಂಕು ಘೋಷಿಸಿದ್ದು 2025ರ ಅಕ್ಟೋಬರಿನಲ್ಲಿ. ಸಮಿತಿ ಹೇಳಿ ಇಪ್ಪತ್ತಾರು ವರ್ಷ. ಕಡತ ಎಷ್ಟು ನಿಧಾನ ಹೋಗಬಹುದು ಅಂತ ಬ್ಯಾಂಕಿನವನಾದ ನನಗೆ ಗೊತ್ತು, ಆದರೂ ಇದು ಹೆಚ್ಚಾಯಿತು.

ಮಿತಿಗಿಂತ ದೊಡ್ಡ ತೊಂದರೆ ಇನ್ನೊಂದಿತ್ತು. ಹಳೆಯ ಕಾನೂನಿನ ಪ್ರಕಾರ ವಿಮೆಯ ಹಣ ಸಿಗುವುದು ಬ್ಯಾಂಕಿನ ಪರವಾನಗಿ ರದ್ದಾಗಿ ಮುಚ್ಚಿದ ಮೇಲೆ, ಅಥವಾ ಬೇರೆ ಬ್ಯಾಂಕಿನ ಜೊತೆ ಸೇರಿದ ಮೇಲೆ. ರಿಸರ್ವ್ ಬ್ಯಾಂಕು 35ಎ ಕಲಂ ಹಾಕಿ ಹಣ ತೆಗೆಯುವುದನ್ನು ತಡೆದ ಮಾತ್ರಕ್ಕೆ ಸಿಗುತ್ತಿರಲಿಲ್ಲ. ಬ್ಯಾಂಕು ಸಾಯಲೂ ಇಲ್ಲ, ಬದುಕಲೂ ಇಲ್ಲ. ಪುಣೆಯ ರೂಪೀ ಬ್ಯಾಂಕಿನ ಮೇಲೆ ನಿರ್ಬಂಧ ಬಂದದ್ದು 2013ರ ಫೆಬ್ರವರಿಯಲ್ಲಿ, ಪರವಾನಗಿ ರದ್ದಾದದ್ದು 2022ರಲ್ಲಿ. ಮುಂಬೈಯ ಸಿಕೆಪಿ ಬ್ಯಾಂಕಿಗೆ 2014ರಿಂದ 2020ರವರೆಗೆ ಅದೇ ಪಾಡು. ಅರವತ್ತಕ್ಕೆ ನಿವೃತ್ತನಾಗಿ ಗ್ರಾಚ್ಯುಟಿ ಇಟ್ಟವನಿಗೆ ಒಂಬತ್ತು ವರ್ಷ ಅಂದರೆ ಏನು ಅಂತ ನೀವೇ ಯೋಚಿಸಿ.

ನಡುವೆ 2017ರಲ್ಲಿ ಎಫ್‌ಆರ್‌ಡಿಐ ಎಂಬ ಮಸೂದೆ ಬಂತು. ಬ್ಯಾಂಕು ಬೀಳುವ ಹಂತಕ್ಕೆ ಬಂದರೆ ಅದರ ಬಾಕಿಗಳನ್ನು ಕಡಿತ ಮಾಡಿ ಅಥವಾ ಷೇರಾಗಿ ಬದಲಿಸಿ ಉಳಿಸಿಕೊಳ್ಳಬಹುದು ಅನ್ನುವ ಕಲಂ ಅದರಲ್ಲಿತ್ತು. ವಿಮೆ ಇರುವಷ್ಟು ಠೇವಣಿಗೆ ಅದು ತಾಗುವುದಿಲ್ಲ ಅಂತ ಸರ್ಕಾರ ಹೇಳಿತು. ಆದರೆ ವಿಮೆ ಇದ್ದದ್ದೇ ಒಂದು ಲಕ್ಷಕ್ಕೆ! ಜನಕ್ಕೆ ಗಾಬರಿಯಾಯಿತು, ನಮ್ಮ ಕೌಂಟರಿನಲ್ಲಿ ಎಫ್‌ಡಿ ಮುರಿಯಲು ಬಂದವರನ್ನು ಸಮಾಧಾನ ಮಾಡಿ ಕಳಿಸುವುದೇ ಕೆಲಸ. ಅರ್ಜಿಗಳು ಹೋದವು, ಬ್ಯಾಂಕ್ ನೌಕರರ ಸಂಘಟನೆಗಳೂ ವಿರೋಧಿಸಿದವು. 2018ರ ಆಗಸ್ಟಿನಲ್ಲಿ ಸರ್ಕಾರ ಮಸೂದೆ ವಾಪಸು ತೆಗೆದುಕೊಂಡಿತು. ಬ್ಯಾಂಕು ಮುಳುಗದೆಯೇ ಠೇವಣಿದಾರರು ಒಟ್ಟಾಗಿ ದನಿ ಎತ್ತಿ ಏನಾದರೂ ಮಾಡಿಸಿದ್ದು ನನಗೆ ತಿಳಿದಂತೆ ಅದೊಂದೇ ಸಲ. ಅದೂ ಬೇಡ ಅನ್ನುವುದಕ್ಕೆ. ಬೇಕು ಅನ್ನುವುದಕ್ಕೆ ಮತ್ತೊಂದು ಬ್ಯಾಂಕು ಮುಳುಗಬೇಕಾಯಿತು.

ಅದು ಪಿಎಂಸಿ. 2019ರ ಸೆಪ್ಟೆಂಬರ್ 24ರ ಬೆಳಿಗ್ಗೆ ಮುಂಬೈಯವರಿಗೆ ಗೊತ್ತಾದದ್ದು, ಆರು ತಿಂಗಳಿಗೆ ಒಟ್ಟು ಒಂದು ಸಾವಿರ ರೂಪಾಯಿ ಮಾತ್ರ ತೆಗೆಯಬಹುದು ಅಂತ. 137 ಶಾಖೆ, 11,600 ಕೋಟಿಗೂ ಹೆಚ್ಚು ಠೇವಣಿ, ಒಂಬತ್ತು ಲಕ್ಷಕ್ಕೂ ಹೆಚ್ಚು ಠೇವಣಿದಾರರು. ಕೊಟ್ಟ ಸಾಲದಲ್ಲಿ ಶೇಕಡಾ 70ಕ್ಕಿಂತ ಹೆಚ್ಚು ಎಚ್‌ಡಿಐಎಲ್ ಎಂಬ ಒಂದೇ ಕಟ್ಟಡ ಕಂಪನಿಯ ಗುಂಪಿಗೆ! ಅದನ್ನು ಮುಚ್ಚಲು 21,049 ನಕಲಿ ಖಾತೆಗಳು. ಲೆಕ್ಕಪತ್ರ ಗೊತ್ತಿರುವವನು ಈ ಸಂಖ್ಯೆ ಓದಿ ಒಂದು ಕ್ಷಣ ಸುಮ್ಮನಾಗುತ್ತಾನೆ. ಇಪ್ಪತ್ತೊಂದು ಸಾವಿರ ಖಾತೆ ಅಂದರೆ ಒಂದು ಒಳ್ಳೆಯ ಶಾಖೆಯ ಪೂರ್ತಿ ಖಾತೆಗಳು.

ಮಹಾರಾಷ್ಟ್ರದಲ್ಲಿ ವಿಧಾನಸಭೆ ಚುನಾವಣೆ ಅಕ್ಟೋಬರ್ 21ಕ್ಕೆ ಇತ್ತು. ಅಕ್ಟೋಬರ್ 10ರಂದು ಹಣಕಾಸು ಮಂತ್ರಿ ನಿರ್ಮಲಾ ಸೀತಾರಾಮನ್ ಪಕ್ಷದ ಕೆಲಸಕ್ಕೆ ಮುಂಬೈಗೆ ಬಂದಾಗ ಠೇವಣಿದಾರರು ಪಕ್ಷದ ಕಚೇರಿ ಮುಂದೆಯೇ ನಿಂತರು. ಅವರನ್ನು ಒಳಗೆ ಕರೆದು ಮಾತನಾಡಬೇಕಾಯಿತು. ಅದೇ ತಿಂಗಳು ಒಂದು ಖಾಸಗಿ ಬ್ಯಾಂಕಿನ ಪಾಸ್‌ಬುಕ್ಕಿನಲ್ಲಿ ಒತ್ತಿದ ಮುದ್ರೆಯ ಫೋಟೋ ವಾಟ್ಸಾಪಿನಲ್ಲಿ ಎಲ್ಲ ಕಡೆ ಓಡಿತು: ಠೇವಣಿಗೆ ವಿಮೆ ಒಂದು ಲಕ್ಷದವರೆಗೆ ಮಾತ್ರ ಅಂತ. ಆ ನಿಯಮ 1993ರಿಂದ ಇದ್ದದ್ದೇ. ಜನ ಓದಿದ್ದು ಮಾತ್ರ ಅಂದು. 2020ರ ಜನವರಿಯಲ್ಲಿ ಬೆಂಗಳೂರು ಬಸವನಗುಡಿಯ ಶ್ರೀ ಗುರು ರಾಘವೇಂದ್ರ ಸಹಕಾರ ಬ್ಯಾಂಕಿನ ಮೇಲೂ ನಿರ್ಬಂಧ ಬಂತು, 35,000ಕ್ಕಿಂತ ಹೆಚ್ಚು ತೆಗೆಯುವ ಹಾಗಿಲ್ಲ. ಅಲ್ಲಿ ಸಾಲು ನಿಂತವರಲ್ಲಿ ನಿವೃತ್ತರೇ ಹೆಚ್ಚು. ಮುಂಬೈ ಸಹಕಾರಿ ಬ್ಯಾಂಕುಗಳನ್ನು ಬೈಯುತ್ತಿದ್ದ ಬೆಂಗಳೂರಿನ ನೆಂಟರು ಆ ವಾರ ನನಗೆ ಫೋನ್ ಮಾಡಿ ಕಾನೂನು ಕೇಳಿದರು.

ಫೆಬ್ರವರಿ 1ರ ಬಜೆಟ್ಟಿನಲ್ಲಿ ಐದು ಲಕ್ಷದ ಘೋಷಣೆಯಾಯಿತು, 4ರಿಂದ ಜಾರಿ. ಪ್ರೀಮಿಯಂ 10 ಪೈಸೆಯಿಂದ 12 ಪೈಸೆಗೆ ಏರಿತು. ಇಪ್ಪತ್ತೇಳು ವರ್ಷದ ಕೆಲಸ ಸೆಪ್ಟೆಂಬರಿನಿಂದ ಫೆಬ್ರವರಿಯೊಳಗೆ ಮುಗಿಯಿತು. ಅದೇ ವರ್ಷ ಸಹಕಾರಿ ಬ್ಯಾಂಕುಗಳ ಮೇಲೆ ರಿಸರ್ವ್ ಬ್ಯಾಂಕಿಗೆ ಹೆಚ್ಚಿನ ಅಧಿಕಾರ ಕೊಡುವ ಕಾನೂನೂ ಬಂತು. 2021ರಲ್ಲಿ ಇನ್ನೊಂದು ತಿದ್ದುಪಡಿಯಾಗಿ, ಸೆಪ್ಟೆಂಬರ್ 1ರಿಂದ, ನಿರ್ಬಂಧ ಬಿದ್ದ 90 ದಿನಗಳೊಳಗೆ ವಿಮೆಯ ಹಣ ಕೊಡಬೇಕು ಅಂತಾಯಿತು. ನನ್ನ ಅಭಿಪ್ರಾಯದಲ್ಲಿ ಐದು ಲಕ್ಷಕ್ಕಿಂತಲೂ ಈ 90 ದಿನವೇ ದೊಡ್ಡ ಸುಧಾರಣೆ. ಪಿಎಂಸಿ 2022ರ ಜನವರಿಯಲ್ಲಿ ಯೂನಿಟಿ ಸ್ಮಾಲ್ ಫೈನಾನ್ಸ್ ಬ್ಯಾಂಕಿನೊಳಗೆ ಸೇರಿತು. ಐದು ಲಕ್ಷದೊಳಗಿನವರ ಹಣಕ್ಕೆ ವಿಮೆ ಇತ್ತು. ಅದಕ್ಕಿಂತ ಹೆಚ್ಚು ಇದ್ದವರಿಗೆ ಉಳಿದದ್ದು ಹತ್ತು ವರ್ಷಗಳ ಉದ್ದಕ್ಕೆ, ಕಂತುಗಳಲ್ಲಿ.

ಹೊಸ ಕಾನೂನಿನ ಪರೀಕ್ಷೆ ನಮ್ಮ ಕಣ್ಣೆದುರಿಗೇ ಆಯಿತು. 2025ರ ಫೆಬ್ರವರಿ 13ರಂದು ಮುಂಬೈಯ ನ್ಯೂ ಇಂಡಿಯಾ ಕೋ-ಆಪರೇಟಿವ್ ಬ್ಯಾಂಕಿನ ಮೇಲೆ ನಿರ್ಬಂಧ ಬಂತು. ತಿಜೋರಿಯಲ್ಲಿ ಇರಬೇಕಾದ ಹಣದಲ್ಲಿ 122 ಕೋಟಿ ಇಲ್ಲ ಅನ್ನುವ ಪ್ರಕರಣ. ಮೊದಲು ಒಂದು ಪೈಸೆಯೂ ತೆಗೆಯುವ ಹಾಗಿರಲಿಲ್ಲ, ಎರಡು ವಾರದಲ್ಲಿ 25,000ದವರೆಗೆ ಬಿಟ್ಟರು. ಆಗಸ್ಟಿನಲ್ಲಿ ಬ್ಯಾಂಕು ಸಾರಸ್ವತ್ ಬ್ಯಾಂಕಿನೊಳಗೆ ಸೇರಿತು. ಒಂಬತ್ತು ವರ್ಷದ ಜಾಗದಲ್ಲಿ ಆರು ತಿಂಗಳು. ಪಾಲಾಯಿಯವರಿಗೆ ಇದನ್ನು ಹೇಳಿದ್ದರೆ ನಂಬುತ್ತಿರಲಿಲ್ಲ.

ಹಾಗಾದರೆ ಇನ್ನೇನು ಬೇಕು? ನಾನು ಕೌಂಟರಿನಲ್ಲಿ, ರೈಲಿನಲ್ಲಿ, ಕನ್ನಡ ಸಂಘದ ಊಟದ ಪಂಕ್ತಿಯಲ್ಲಿ ಕೇಳಿಸಿಕೊಂಡದ್ದನ್ನು ಹೇಳುತ್ತೇನೆ. ಎಲ್ಲರೂ ಮೊದಲು ಕೇಳುವುದು ಮಿತಿ ಏರಿಸಿ ಅಂತ. ನ್ಯೂ ಇಂಡಿಯಾ ಬ್ಯಾಂಕಿನ ಪ್ರಕರಣವಾದ ವಾರವೇ, ಏರಿಸುವ ವಿಚಾರ ಪರಿಶೀಲನೆಯಲ್ಲಿದೆ ಅಂತ ಸರ್ಕಾರದ ಅಧಿಕಾರಿಗಳು ಹೇಳಿದರು (ನೋಡಿ, ಮತ್ತೆ ಮುಳುಗಿದ ಮೇಲೆಯೇ ಮಾತು). ನನಗೆ ಮಿತಿ ಎಷ್ಟು ಅನ್ನುವುದಕ್ಕಿಂತ ಅದು ತಾನಾಗಿ ಏರುವುದು ಮುಖ್ಯ. ನಮ್ಮ ತುಟ್ಟಿಭತ್ಯೆ ಬೆಲೆ ಸೂಚ್ಯಂಕದ ಜೊತೆ ಏರುತ್ತದೆ, ಅದಕ್ಕೆ ಯಾರೂ ಪ್ರತಿ ಸಲ ಧರಣಿ ಕೂರಬೇಕಿಲ್ಲ. ಠೇವಣಿ ವಿಮೆಯನ್ನೂ ಐದು ವರ್ಷಕ್ಕೊಮ್ಮೆ ಸೂಚ್ಯಂಕ ನೋಡಿ ಏರಿಸುತ್ತೇವೆ ಅಂತ ಕಾನೂನಿನಲ್ಲಿ ಒಂದು ಸಾಲು ಬರೆದರೆ ಮುಗಿಯಿತು. ಬ್ರಿಟನ್ನಿನಲ್ಲಿ 2015ರಿಂದ ಇನ್ನೊಂದು ವ್ಯವಸ್ಥೆ ಇದೆ. ಮನೆ ಮಾರಿದ ಹಣದಂಥ ದೊಡ್ಡ ಮೊತ್ತ ಖಾತೆಗೆ ಬಂದರೆ ಆರು ತಿಂಗಳ ಮಟ್ಟಿಗೆ ಮಾಮೂಲಿಗಿಂತ ಹೆಚ್ಚಿನ ರಕ್ಷಣೆ. ನಿವೃತ್ತಿಯ ದಿನ ಜೀವಮಾನದ ಗಳಿಕೆ ಒಂದೇ ಖಾತೆಗೆ ಬಂದು ಬೀಳುವ ನಮ್ಮಂಥವರಿಗೆ ಅದು ಇಲ್ಲಿಯೂ ಬೇಕು.

ಇದಕ್ಕೆ ವಿರುದ್ಧ ವಾದವೂ ಇದೆ, ಅದನ್ನು ಹೇಳದಿದ್ದರೆ ತಪ್ಪಾಗುತ್ತದೆ. 2024ರ ಮಾರ್ಚಿಗೆ ಶೇಕಡಾ 97.8ರಷ್ಟು ಖಾತೆಗಳು ಪೂರ್ತಿ ಐದು ಲಕ್ಷದೊಳಗೇ ಇದ್ದವು, ಹಣದ ಲೆಕ್ಕದಲ್ಲಿ ಮಾತ್ರ ರಕ್ಷಣೆ ಇದ್ದದ್ದು ಶೇಕಡಾ 43.1ಕ್ಕೆ. ಬಡವರೂ ಮಧ್ಯಮ ವರ್ಗದವರೂ ಒಳಗೇ ಇದ್ದಾರಲ್ಲ, ಇನ್ನು ಏರಿಸುವುದು ಯಾರಿಗೆ ಅಂತ ಕೇಳುತ್ತಾರೆ. ಪ್ರೀಮಿಯಂನ ಶೇಕಡಾ 90ಕ್ಕಿಂತ ಹೆಚ್ಚು ಕಟ್ಟುವುದು ವಾಣಿಜ್ಯ ಬ್ಯಾಂಕುಗಳು, ಪರಿಹಾರ ಹೋಗುವುದು ಹೆಚ್ಚಾಗಿ ಸಹಕಾರಿಗಳಿಗೆ ಅನ್ನುವುದೂ ನಿಜ. ವಿಮೆ ಇದೆ ಅಂತ ಜನ ಬಡ್ಡಿ ಆಸೆಗೆ ಎಲ್ಲೆಂದರಲ್ಲಿ ಇಡುತ್ತಾರೆ ಅನ್ನುವ ಮಾತಿನಲ್ಲಿ ಮಾತ್ರ ನನಗೆ ನಂಬಿಕೆ ಕಡಿಮೆ. ನಮ್ಮವರು ಇಡುವುದು ಪರಿಚಯದ ಮೇಲೆ. ಮ್ಯಾನೇಜರ್ ನಮ್ಮೂರಿನವನು, ಡೈರೆಕ್ಟರ್ ನಮ್ಮ ಜಾತಿಯವನು, ಅಷ್ಟೇ.

ಅದಕ್ಕೇ ನನ್ನ ದೊಡ್ಡ ಚಿಂತೆ ಬ್ಯಾಂಕುಗಳದ್ದಲ್ಲ, ಸೊಸೈಟಿಗಳದ್ದು. ಇಲ್ಲಿ ಗಲ್ಲಿಗೊಂದು ಪತ್‌ಪೇಢಿ, ಊರಿನಲ್ಲಿ ಪೇಟೆಗೆ ಹತ್ತು ಕ್ರೆಡಿಟ್ ಸೊಸೈಟಿ, ಸೌಹಾರ್ದ ಸಹಕಾರಿ. ಕೌಂಟರ್ ಇದೆ, ಪಾಸ್‌ಬುಕ್ ಇದೆ, ಲಾಕರ್ ಇದೆ, ಪಿಗ್ಮಿ ಏಜೆಂಟ್ ಇದ್ದಾನೆ, ಬಡ್ಡಿ ಒಂದು ಶೇಕಡಾ ಜಾಸ್ತಿ. ನೋಡಿದವರಿಗೆ ಅದೂ ಬ್ಯಾಂಕೇ. ಆದರೆ ರಿಸರ್ವ್ ಬ್ಯಾಂಕಿನ ಪರವಾನಗಿ ಇಲ್ಲದ ಈ ಸಂಸ್ಥೆಗಳ ಠೇವಣಿಗೆ ಡಿಐಸಿಜಿಸಿ ವಿಮೆ ಒಂದು ರೂಪಾಯಿಯೂ ಇಲ್ಲ. ಚೆನ್ನಾಗಿ ನಡೆಯುವ ಸೊಸೈಟಿಗಳು ಬಹಳ ಇವೆ, ನಾನು ಹೆದರಿಸಲು ಬರೆಯುತ್ತಿಲ್ಲ. ವಿಮೆ ಇಲ್ಲ ಅನ್ನುವುದು ಮಾತ್ರ ಇಟ್ಟವರಲ್ಲಿ ಹೆಚ್ಚಿನವರಿಗೆ ಗೊತ್ತಿಲ್ಲ. ಕಳೆದ ವರ್ಷ ಊರಿಗೆ ಹೋದಾಗ ನನ್ನ ಚಿಕ್ಕಮ್ಮ, ಅಡಿಕೆ ಮಾರಿದ ಹಣ ಇಟ್ಟ ಸೊಸೈಟಿಯ ಪಾಸ್‌ಬುಕ್ ತೋರಿಸಿ, "ಇದಕ್ಕೂ ಆ ಐದು ಲಕ್ಷ ಉಂಟಲ್ಲ ಮಗ?" ಅಂತ ಕೇಳಿದರು. ಇಲ್ಲ ಚಿಕ್ಕಮ್ಮ ಅಂದೆ. ಅವರು ಪಾಸ್‌ಬುಕ್ಕನ್ನು ತಿರುಗಿಸಿ ಹಿಂದಿನ ಪುಟ ನೋಡಿದರು, ಅಲ್ಲಿ ಎಲ್ಲಾದರೂ ಬರೆದಿದೆಯಾ ಅಂತ.

ಬರೆದಿರಲಿಲ್ಲ. ಬರೆಯಬೇಕು ಅನ್ನುವ ನಿಯಮ ಬೇಕು. ರಾಜ್ಯ ಸರ್ಕಾರಗಳು ಸೊಸೈಟಿಗಳಿಗೇ ಒಂದು ರಕ್ಷಣಾ ನಿಧಿ ಮಾಡಿ ಅವುಗಳಿಂದಲೇ ವಂತಿಗೆ ವಸೂಲು ಮಾಡಿದರೆ ಇನ್ನೂ ಒಳ್ಳೆಯದು. ಅದು ಆಗುವ ತನಕ, ಈ ಠೇವಣಿಗೆ ವಿಮೆ ಇಲ್ಲ ಅಂತ ಕೌಂಟರಿನ ಮೇಲೆ ದೊಡ್ಡ ಕನ್ನಡ ಅಕ್ಷರದಲ್ಲಿ, ಇಲ್ಲಿ ಮರಾಠಿಯಲ್ಲಿ, ಬೋರ್ಡ್ ಹಾಕಿಸಲು ಒಂದು ಸುತ್ತೋಲೆ ಸಾಕು. ಮುಂದಿನ ಸಲ ಓಟು ಕೇಳಲು ಬಂದವರ ಹತ್ತಿರ ನಾನು ಇದನ್ನೇ ಕೇಳುವವನಿದ್ದೇನೆ.

ಅಷ್ಟರೊಳಗೆ ನೀವು ಮಾಡಬಹುದಾದದ್ದು: ನಿಮ್ಮ ಬ್ಯಾಂಕಿನ ಹೆಸರು ಡಿಐಸಿಜಿಸಿಯ ವೆಬ್‌ಸೈಟಿನ ಪಟ್ಟಿಯಲ್ಲಿ ಇದೆಯೇ ನೋಡಿಕೊಳ್ಳಿ. ಒಂದೇ ಬ್ಯಾಂಕಿನ ನಾಲ್ಕು ಶಾಖೆಗಳಲ್ಲಿ ಇಟ್ಟರೆ ನಾಲ್ಕು ವಿಮೆ ಸಿಗುವುದಿಲ್ಲ, ಎಲ್ಲ ಕೂಡಿಸಿ ಒಂದೇ. ಬೇರೆ ಬೇರೆ ಬ್ಯಾಂಕಿನಲ್ಲಿ ಇಟ್ಟರೆ ಬೇರೆ ಬೇರೆ. ಗಂಡನ ಹೆಸರಿನಲ್ಲಿ ಒಂದು, ಹೆಂಡತಿಯ ಹೆಸರಿನಲ್ಲಿ ಒಂದು, ಇಬ್ಬರ ಜಂಟಿ ಹೆಸರಿನಲ್ಲಿ ಒಂದು ಖಾತೆ ಇದ್ದರೆ ಮೂರಕ್ಕೂ ಪ್ರತ್ಯೇಕ ಐದು ಲಕ್ಷ. ಜಂಟಿ ಖಾತೆಯಲ್ಲಿ ಹೆಂಡತಿಯ ಹೆಸರು ಮೊದಲು, ಗಂಡನದ್ದು ಆಮೇಲೆ ಬರೆದು ಇನ್ನೊಂದು ತೆರೆದರೆ ಅದಕ್ಕೂ ಬೇರೆಯೇ ಲೆಕ್ಕ. ನಮ್ಮ ಮನೆಯಲ್ಲಿ ಹಾಗೆ ಮಾಡಿದ್ದೇವೆ. ಕೆವೈಸಿ ಕಾಗದ ಹೊಸದಾಗಿ ಇಟ್ಟಿರಿ, ಏಕೆಂದರೆ 90 ದಿನದ ಕಾನೂನಿನಲ್ಲಿ ಮೊದಲ 45 ದಿನ ಹೋಗುವುದು ಬ್ಯಾಂಕು ಠೇವಣಿದಾರರ ಪಟ್ಟಿ ತಯಾರಿಸಿ ಕಳಿಸುವುದಕ್ಕೇ.